ಕೂತು ನೋಡಬೇಕಾದ ಊರು ವಿಯೆನ್ನಾ

ನಿವೃತ್ತಿಯ ನಂತರ ಯೂರೋಪ್ ಪ್ರವಾಸ ಮುಗಿಸಿ ಬರುವ ನನ್ನ ಓರಗೆಯ ಅಧಿಕಾರಿಗಳು ಮೊದಲು ಒಪ್ಪಿಸುವುದು ಒಂದು ಲೆಕ್ಕವನ್ನು: ಹನ್ನೆರಡು ದಿನ, ಏಳು ದೇಶ. ಆ ಲೆಕ್ಕದಲ್ಲಿ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾಕ್ಕೆ ಸಿಗುವ ಪಾಲು ಹೆಚ್ಚೆಂದರೆ ಒಂದು ಹಗಲು. ಬೆಳಗ್ಗೆ ಶೋನ್‌ಬ್ರುನ್ ಅರಮನೆ, ಮಧ್ಯಾಹ್ನ ಬಸ್ಸಿನ ಕಿಟಕಿಯಿಂದ ಒಪೆರಾ ಭವನ, ರಾತ್ರಿ ಅನ್ನ-ಸಾರಿನ ವ್ಯವಸ್ಥೆಯಿರುವ ಯಾವುದೋ ಹೋಟೆಲು, ಬೆಳಗಾಗುವಷ್ಟರಲ್ಲಿ ಇನ್ನೊಂದು ದೇಶ. "ಊರು ಹೇಗಿತ್ತು?" ಎಂದು ಕೇಳಿದರೆ "ಬಹಳ ಕ್ಲೀನು" ಎಂಬ ಉತ್ತರ ಬರುತ್ತದೆ. ಅದು ಸುಳ್ಳಲ್ಲ. ಆದರೆ ಇಪ್ಪತ್ತು ಲಕ್ಷ ಜನ ಬದುಕುವ, ಒಂದು ಕಾಲದಲ್ಲಿ ಮಹಾಸಾಮ್ರಾಜ್ಯವೊಂದರ ರಾಜಧಾನಿಯಾಗಿದ್ದ ನಗರದ ಬಗ್ಗೆ ಹೇಳಬೇಕಾದದ್ದು ಅಷ್ಟೇ ಏನು?

ಕಳೆದ ವರ್ಷ ಮೇ ತಿಂಗಳಿನಲ್ಲಿ ನಾನೂ ನನ್ನ ಪತ್ನಿಯೂ ಅಲ್ಲಿ ಹದಿನಾರು ದಿನ ಇದ್ದೆವು. ಮಗಳು ಮತ್ತು ಅಳಿಯ ಉದ್ಯೋಗ ನಿಮಿತ್ತ ಅಲ್ಲಿದ್ದುದರಿಂದ ವಸತಿಯ ಖರ್ಚು ಇರಲಿಲ್ಲ. ಅಷ್ಟು ದಿನ ನಿಲ್ಲಲು ಸಾಧ್ಯವಾದದ್ದೂ ಅದರಿಂದಲೇ. ಪತ್ನಿಗೆ ಒಂದು ಮಂಡಿಯ ಶಸ್ತ್ರಚಿಕಿತ್ಸೆ ಆಗಿದೆ, ಇನ್ನೊಂದು ಸರದಿಯಲ್ಲಿದೆ. ಇನ್ನೂರು ಹೆಜ್ಜೆ ನಡೆದರೆ ಅವರಿಗೆ ಕೂರಲು ಜಾಗ ಬೇಕು. ಹೊರಡುವ ಮೊದಲು ಇದೊಂದು ದೊಡ್ಡ ಅಡಚಣೆಯೆಂದು ನಾನು ಭಾವಿಸಿದ್ದೆ. ಹಿಂತಿರುಗಿದ ಮೇಲೆ ಅನಿಸಿದ್ದು, ಆ ಮಂಡಿನೋವು ಇಲ್ಲದಿದ್ದರೆ ನಾನು ವಿಯೆನ್ನಾವನ್ನು ನೋಡುತ್ತಲೇ ಇರಲಿಲ್ಲ ಎಂದು.

ಮೊದಲ ದಿನದ ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಕೈಯಲ್ಲಿ ಪಟ್ಟಿಯಿತ್ತು. ಸಂತ ಸ್ಟೀಫನ್ನನ ಮಹಾಚರ್ಚು, ಹೋಫ್‌ಬುರ್ಗ್ ಅರಮನೆ, ರಾಜಮನೆತನದ ಆಭರಣಗಳು, ರಾಷ್ಟ್ರೀಯ ಗ್ರಂಥಾಲಯದ ಹಳೆಯ ಸಭಾಂಗಣ. ಚರ್ಚಿನಿಂದ ಅರಮನೆಗೆ ಬರುವಷ್ಟರಲ್ಲಿ ಪತ್ನಿ ಸೋತಿದ್ದರು. ಅರಮನೆಯ ಪಕ್ಕದಲ್ಲಿ ಫೋಕ್ಸ್‌ಗಾರ್ಟನ್ ಎಂಬ ಉದ್ಯಾನವಿದೆ, ಅಂದರೆ 'ಜನರ ತೋಟ'. ಅಲ್ಲಿ ಗುಲಾಬಿಗಳ ನಡುವೆ ಸಾಲು ಬೆಂಚುಗಳು. "ರೀ, ಇನ್ನು ನನ್ನ ಕೈಲಾಗೋದಿಲ್ಲ. ನಾನು ಇಲ್ಲೇ ಕೂತಿರ್ತೀನಿ, ನೀವು ನೋಡ್ಕೊಂಡು ಬನ್ನಿ" ಎಂದರು. ನಾನು ಎರಡು ಗಂಟೆ ಕಾಲ ಕಿರೀಟಗಳನ್ನೂ ಖಡ್ಗಗಳನ್ನೂ ನೋಡಿ ಬಂದೆ. ಬಂದಾಗ ಅವರ ಪಕ್ಕದಲ್ಲಿ ಎಂಬತ್ತರ ಆಸುಪಾಸಿನ ಹೆಂಗಸೊಬ್ಬರು ಕೂತಿದ್ದರು. ಅವರದು ಜರ್ಮನ್, ಇವರದು ಕನ್ನಡ. ಇಬ್ಬರೂ ತಮ್ಮ ತಮ್ಮ ಮಂಡಿಗಳನ್ನು ತೋರಿಸುತ್ತಾ ಏನನ್ನೋ ಬಹಳ ಗಂಭೀರವಾಗಿ ಚರ್ಚಿಸುತ್ತಿದ್ದರು. ಆ ತೋಟದ ಗುಲಾಬಿ ಗಿಡಗಳನ್ನು ಊರಿನವರು ಹಣ ಕೊಟ್ಟು ದತ್ತು ತೆಗೆದುಕೊಳ್ಳುತ್ತಾರೆ, ಗಿಡದ ಬುಡದಲ್ಲಿ ತೀರಿಕೊಂಡವರ ಅಥವಾ ಪ್ರೀತಿಪಾತ್ರರ ಹೆಸರಿನ ಸಣ್ಣ ಫಲಕ ಇರುತ್ತದೆ ಎಂಬುದನ್ನು ಪತ್ನಿ ಅಷ್ಟರಲ್ಲಿ ಕಂಡುಕೊಂಡಿದ್ದರು. ಪಕ್ಕದ ಹೆಂಗಸಿನ ಗಂಡನ ಹೆಸರಿನ ಗಿಡ ಯಾವುದು ಎಂಬುದೂ ಅವರಿಗೆ ಗೊತ್ತಾಗಿತ್ತು. ನನಗೆ ನೆನಪಿದ್ದದ್ದು ಟಿಕೆಟಿನ ಬೆಲೆ ಮಾತ್ರ.

ಅಂದಿನಿಂದ ಪಟ್ಟಿಯನ್ನು ಮಡಿಸಿಟ್ಟೆ. ವಿಯೆನ್ನಾ ನಡೆದು ನೋಡುವ ಊರಲ್ಲ, ಕೂತು ನೋಡುವ ಊರು. ಹೋಗಬಯಸುವವರಿಗೆ ನಾನು ಕೊಡುವ ಸಲಹೆಗಳೆಲ್ಲ ಇದೊಂದೇ ಮಾತಿನ ವಿಸ್ತರಣೆ.

ಮೊದಲು ಕೂರಬೇಕಾದದ್ದು ಟ್ರಾಮಿನಲ್ಲಿ. ಹಳೆಯ ವಿಯೆನ್ನಾದ ಸುತ್ತ ಕೋಟೆಗೋಡೆಯಿತ್ತು. 1857ರ ಡಿಸೆಂಬರಿನಲ್ಲಿ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಅದನ್ನು ಕೆಡವಲು ಆಜ್ಞೆ ಮಾಡಿದ. ಗೋಡೆಯಿದ್ದ ಜಾಗದಲ್ಲಿ ರಿಂಗ್‌ಸ್ಟ್ರಾಸೆ ಎಂಬ ವಿಶಾಲ ವೃತ್ತರಸ್ತೆ ಬಂದಿತು, 1865ರಲ್ಲಿ ಉದ್ಘಾಟನೆಯಾಯಿತು. ಒಪೆರಾ, ಸಂಸತ್ತು, ನಗರಸಭಾ ಭವನ, ವಿಶ್ವವಿದ್ಯಾಲಯ, ಎರಡು ಮಹಾ ವಸ್ತುಸಂಗ್ರಹಾಲಯಗಳು ಎಲ್ಲವೂ ಈ ರಸ್ತೆಯಲ್ಲಿವೆ. ಪ್ರವಾಸಿಗರ ವಿಶೇಷ ಬಸ್ಸಿಗೆ ದುಡ್ಡು ಸುರಿಯುವ ಅಗತ್ಯವಿಲ್ಲ. ಊರಿನವರು ತರಕಾರಿ ಚೀಲ ಹಿಡಿದು ಹತ್ತುವ 1, 2, ಡಿ ಮತ್ತು 71ನೇ ಟ್ರಾಮುಗಳು ಇದರ ಬೇರೆ ಬೇರೆ ಭಾಗಗಳಲ್ಲಿ ಓಡುತ್ತವೆ. ಒಂದೇ ಗಾಡಿಯಲ್ಲಿ ಪೂರ್ತಿ ಸುತ್ತು ಹಾಕುವ ಸೌಲಭ್ಯ 2008ರಲ್ಲಿ ನಿಂತಿತು. ಈಗ ನಡುವೆ ಒಮ್ಮೆ ಇಳಿದು ಬದಲಿಸಬೇಕು. ಹೊಸ ಮಾದರಿಯ ಗಾಡಿಗಳ ನೆಲ ಕಾಲುದಾರಿಯ ಮಟ್ಟಕ್ಕೇ ಇರುತ್ತದೆ, ಮಂಡಿನೋವಿನವರಿಗೆ ಮೆಟ್ಟಿಲ ಹಂಗಿಲ್ಲ. ಬಲಬದಿಯ ಕಿಟಕಿಯ ಪಕ್ಕ ಕೂತು ಒಂದು ಬೆಳಗ್ಗೆಯನ್ನು ಇದಕ್ಕೇ ಮೀಸಲಿಡಿ.

ಮೆಟ್ರೋ ನಿಲ್ದಾಣಗಳಲ್ಲಿ ನಮ್ಮಲ್ಲಿರುವಂತೆ ಗೇಟುಗಳಿಲ್ಲ. ಟಿಕೆಟನ್ನು ನಾವೇ ಸಣ್ಣ ಯಂತ್ರಕ್ಕೆ ಒಡ್ಡಿ ಮುದ್ರೆ ಹಾಕಿಸಿಕೊಳ್ಳಬೇಕು. ಯಾರೂ ಕೇಳುವುದಿಲ್ಲವೆಂದು ಮರೆತರೆ, ಸಾದಾ ಉಡುಪಿನ ತಪಾಸಣಾಧಿಕಾರಿ ಎದುರಾದ ದಿನ ನೂರು ಯೂರೋಗಳಿಗೂ ಮೀರಿದ ದಂಡ ತೆರಬೇಕಾಗುತ್ತದೆ. ಒಂದು ದಿನದ ಅಥವಾ ಏಳು ದಿನಗಳ ಪಾಸು ಕೊಳ್ಳುವುದು ಜಾಣತನ. 2012ರಿಂದ 2025ರ ಕೊನೆಯವರೆಗೆ ಈ ನಗರದ ವಾರ್ಷಿಕ ಪಾಸಿನ ಬೆಲೆ 365 ಯೂರೋ, ಅಂದರೆ ದಿನಕ್ಕೆ ಒಂದು ಯೂರೋ ಇತ್ತು. ಇದನ್ನು ಜಗತ್ತಿನ ನಗರಾಡಳಿತಗಾರರೆಲ್ಲ ಉದಾಹರಿಸುತ್ತಿದ್ದರು. 2026ರಿಂದ ಬೆಲೆ ಏರಿದೆ. ಸಬ್ಸಿಡಿಗೂ ಒಂದು ಮಿತಿ ಇರುತ್ತದೆ ಎಂಬುದನ್ನು ಅರ್ಥಶಾಸ್ತ್ರ ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಎರಡನೆಯದಾಗಿ ಕೂರಬೇಕಾದದ್ದು ಕಾಫಿಮನೆಯಲ್ಲಿ. ಇಲ್ಲಿ ಎಷ್ಟು ಹೊತ್ತು ಕೂತರೂ ಕಡಿಮೆಯೇ. 1683ರಲ್ಲಿ ವಿಯೆನ್ನಾಕ್ಕೆ ಮುತ್ತಿಗೆ ಹಾಕಿದ್ದ ತುರ್ಕಿ ಸೈನ್ಯ ಸೋತು ಓಡುವಾಗ ಬಿಟ್ಟುಹೋದ ಚೀಲಗಳಲ್ಲಿ ಕಾಫಿ ಬೀಜ ಸಿಕ್ಕಿತು, ಕೋಲ್ಶಿಟ್ಸ್ಕಿ ಎಂಬ ಗೂಢಚಾರ ಅದರಿಂದ ಮೊದಲ ಕಾಫಿಮನೆ ತೆರೆದ ಎಂಬುದು ಅಲ್ಲಿನ ಜನಪ್ರಿಯ ಕಥೆ. ದಾಖಲೆಯ ಪ್ರಕಾರ ಮೊದಲ ಪರವಾನಗಿ ದೊರೆತದ್ದು 1685ರಲ್ಲಿ, ಯೊಹಾನೆಸ್ ಡಿಯೊಡಾಟೊ ಎಂಬ ಆರ್ಮೇನಿಯನ್ ವರ್ತಕನಿಗೆ. ಆದರೆ ಜನ ಚೀಲದ ಕಥೆಯನ್ನೇ ಇಷ್ಟಪಡುತ್ತಾರೆ. ಏಳು ಬೀಜಗಳನ್ನು ಬಚ್ಚಿಟ್ಟುಕೊಂಡು ಚಂದ್ರದ್ರೋಣ ಪರ್ವತಕ್ಕೆ ತಂದ ಬಾಬಾ ಬುಡನ್‌ಗಿರಿಯ ಕಥೆಯನ್ನು ನಂಬಿ ಬೆಳೆದ ನಾವು ಅವರನ್ನು ಆಕ್ಷೇಪಿಸುವಂತಿಲ್ಲ.

ಕಾಫಿಯನ್ನು 'ಕಾಫಿ' ಎಂದು ಕೇಳಬೇಡಿ. ಪರಿಚಾರಕ ನಿಮ್ಮನ್ನು ಅನುಕಂಪದಿಂದ ನೋಡುತ್ತಾನೆ. ನಮ್ಮ ನಾಲಗೆಗೆ ಹತ್ತಿರವಾದದ್ದು 'ಮೆಲಾಂಜ್', ಅಂದರೆ ನೊರೆಹಾಲು ಬೆರೆಸಿದ್ದು. 'ಕ್ಲೈನರ್ ಬ್ರೌನರ್' ಎಂದರೆ ಸಣ್ಣ ಬಟ್ಟಲು, ಜೊತೆಗೆ ಒಂದಿಷ್ಟು ಕೆನೆ. 'ಐನ್‌ಶ್ಪೆನರ್' ಎಂದರೆ ಗಾಜಿನ ಲೋಟದಲ್ಲಿ ಕಪ್ಪು ಕಾಫಿ, ಮೇಲೆ ಕಡೆದ ಕೆನೆಯ ದಪ್ಪ ಪದರ. ಈ ಹೆಸರಿನ ಅರ್ಥ ಒಂಟಿಕುದುರೆಯ ಗಾಡಿ. ಕುದುರೆಗಾಡಿಯವರು ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ಲೋಟ ಹಿಡಿದು ಕುಡಿಯುತ್ತಿದ್ದರಂತೆ. ಕಾಫಿಯೊಂದಿಗೆ ಸಣ್ಣ ತಟ್ಟೆಯಲ್ಲಿ ಒಂದು ಲೋಟ ತಣ್ಣೀರು ಬಂದೇ ಬರುತ್ತದೆ. ಪತ್ರಿಕೆಗಳನ್ನು ಮರದ ಹಿಡಿಗೆ ಸಿಕ್ಕಿಸಿ ಇಟ್ಟಿರುತ್ತಾರೆ. ಕಾಫಿ ಮುಗಿದ ಮೇಲೂ ಯಾರೂ ನಿಮ್ಮನ್ನು ಎಬ್ಬಿಸುವುದಿಲ್ಲ. ಬಿಲ್ಲು ಬೇಕಾದರೆ ನೀವೇ ಎರಡು ಮೂರು ಬಾರಿ ಕರೆಯಬೇಕು. ಅಲ್ಲಿನ ಪರಿಚಾರಕರ ಸಿಡುಕುಮೋರೆ ಜಗತ್ಪ್ರಸಿದ್ಧ. ಮೊದಲ ಎರಡು ದಿನ ನನಗೆ ಅವಮಾನವೆನಿಸಿತು. ಊರಿನವರಿಗೂ ಅದೇ ಉಪಚಾರ ಸಿಗುತ್ತಿದೆಯೆಂದು ತಿಳಿದ ಮೇಲೆ ನೆಮ್ಮದಿಯಾಯಿತು.

ಒಂದು ಬಟ್ಟಲಿಗೆ ಐದಾರು ಯೂರೋ ಎಂದಾಗ ಪತ್ನಿ ರೂಪಾಯಿಗೆ ಗುಣಿಸಿ ಬೆಚ್ಚಿದರು. ನಾನು ನನ್ನ ವಿದ್ಯೆಯನ್ನು ಪ್ರಯೋಗಿಸಿದೆ: "ಇದು ಕಾಫಿಯ ಬೆಲೆಯಲ್ಲ, ಕುರ್ಚಿಯ ಬಾಡಿಗೆ. ಮೂರು ಗಂಟೆ ಕೂತರೆ ಗಂಟೆಗೆ ಎಷ್ಟಾಯಿತು ನೋಡು." ಅವರು ಒಪ್ಪಿದರೆಂದು ಹೇಳಲಾರೆ, ಆದರೆ ಮೂರು ಗಂಟೆ ಕೂತದ್ದು ನಿಜ. ಆಸ್ಟ್ರಿಯಾ 2011ರಲ್ಲಿ ವಿಯೆನ್ನಾದ ಕಾಫಿಮನೆ ಸಂಸ್ಕೃತಿಯನ್ನು ತನ್ನ ಅಮೂರ್ತ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. ಸೇರಿದ್ದು ಕಾಫಿಯಲ್ಲ, ಕೂರುವಿಕೆ ಎಂದೇ ನನ್ನ ವ್ಯಾಖ್ಯಾನ. 1876ರಲ್ಲಿ ಆರಂಭವಾದ ಕೆಫೆ ಸೆಂಟ್ರಲ್‌ನಲ್ಲಿ ಟ್ರಾಟ್ಸ್ಕಿ ಚದುರಂಗ ಆಡುತ್ತಿದ್ದ. ಪೀಟರ್ ಆಲ್ಟೆನ್‌ಬರ್ಗ್ ಎಂಬ ಲೇಖಕ ತನ್ನ ಅಂಚೆ ವಿಳಾಸವಾಗಿ ಆ ಕಾಫಿಮನೆಯ ಹೆಸರನ್ನೇ ಕೊಡುತ್ತಿದ್ದ; ಅವನ ಬೊಂಬೆ ಇಂದಿಗೂ ಬಾಗಿಲ ಬಳಿಯ ಮೇಜಿನಲ್ಲಿ ಕೂತಿದೆ. ಈಗ ಅಲ್ಲಿ ಬೀದಿಯವರೆಗೆ ಪ್ರವಾಸಿಗರ ಸರತಿ. ಸರತಿಯಲ್ಲಿ ನಿಂತು ಕೂರುವುದರಲ್ಲಿ ಸ್ವಾರಸ್ಯವಿಲ್ಲ. 1880ರ ಕೆಫೆ ಸ್ಪೆರ್ಲ್, ರಿಂಗ್ ರಸ್ತೆಯ ಕೆಫೆ ಪ್ರುಕೆಲ್ ಇವುಗಳಿಗೆ ಹೋಗಿ. ಸಸ್ಯಾಹಾರಿಗಳು ಗಮನಿಸಬೇಕು: ಹೆಸರಾಂತ ಸಾಖರ್ ಕೇಕಿನಲ್ಲಿ ಮೊಟ್ಟೆಯಿದೆ. ಸೇಬಿನ ಹೂರಣದ ಸ್ಟ್ರೂಡೆಲ್ ಸಾಮಾನ್ಯವಾಗಿ ಮೊಟ್ಟೆಯಿಲ್ಲದ ಹಿಟ್ಟಿನದು, ಆದರೂ ಕೇಳಿ ತಿನ್ನುವುದು ಕ್ಷೇಮ. ಊಟಕ್ಕೆ ನಾಶ್‌ಮಾರ್ಕ್ಟ್ ಎಂಬ ಹಳೆಯ ಸಂತೆಯಲ್ಲಿ ಫಲಾಫೆಲ್, ಹಣ್ಣು, ಆಲಿವ್, ಬ್ರೆಡ್ಡು ಯಥೇಚ್ಛ.

ಕಾಫಿಯ ಜೊತೆ ಬರುವ ಆ ನೀರಿನ ಲೋಟಕ್ಕೆ ದೊಡ್ಡ ಚರಿತ್ರೆಯಿದೆ. ಭೂವಿಜ್ಞಾನಿ ಎಡ್ವರ್ಡ್ ಸ್ಯೂಸ್ ಅವರ ಹಟದಿಂದ 1873ರಲ್ಲಿ ಆಲ್ಪ್ಸ್ ಬೆಟ್ಟಗಳ ಬುಗ್ಗೆಯ ನೀರು ವಿಯೆನ್ನಾಕ್ಕೆ ಬಂದಿತು. 1910ರಲ್ಲಿ ಎರಡನೆಯ ಕೊಳವೆಮಾರ್ಗ ಬಂದಿತು. ಇದರ ಉದ್ದ ಸುಮಾರು 180 ಕಿಲೋಮೀಟರ್. ನೀರು ಇಳಿಜಾರಿನ ಬಲದಿಂದಲೇ ಹರಿದು ಬರುತ್ತದೆ, ಪಂಪು ಬೇಕಿಲ್ಲ. ನೂರು ಕಿಲೋಮೀಟರ್ ದೂರದ ಕಾವೇರಿಯನ್ನು ಐನೂರು ಮೀಟರ್ ಮೇಲಕ್ಕೆ ಎತ್ತಿ ತರುವ ಬೆಂಗಳೂರಿನವರಿಗೆ ಇದು ಹೊಟ್ಟೆಕಿಚ್ಚು ಹುಟ್ಟಿಸುವ ಸಂಗತಿ. ಆದರೆ ಭೂಗೋಳದ ಕೃಪೆಯನ್ನು ಆಡಳಿತದ ಸಾಧನೆಯೆಂದು ಹೊಗಳುವುದೂ ಸರಿಯಲ್ಲ. ಸಾಧನೆ ಇರುವುದು ಬೇರೆಡೆ. ನಗರದಲ್ಲಿ ಸಾವಿರಕ್ಕೂ ಹೆಚ್ಚು ಕುಡಿಯುವ ನೀರಿನ ನಲ್ಲಿಗಳಿವೆ, ಎಲ್ಲವೂ ಉಚಿತ. ಬಾಟಲಿ ನೀರು ಕೊಳ್ಳಬೇಡಿ, ಖಾಲಿ ಬಾಟಲಿ ಒಯ್ಯಿರಿ. ಶೌಚಾಲಯಗಳಿಗೆ ಮಾತ್ರ ಹಲವೆಡೆ ಕಾಸು ಕೊಡಬೇಕು. 50 ಸೆಂಟಿನ ನಾಣ್ಯಗಳನ್ನು ಜೇಬಿನಲ್ಲಿಟ್ಟುಕೊಳ್ಳುವುದು ನಮ್ಮ ವಯಸ್ಸಿನವರಿಗೆ ಪಾಸ್‌ಪೋರ್ಟಿನಷ್ಟೇ ಮುಖ್ಯ.

ವಸ್ತುಸಂಗ್ರಹಾಲಯಗಳಲ್ಲಿ ಕಾಲು ಹೆಚ್ಚು ನೋಯುತ್ತದೆ ಎಂಬುದು ಎಲ್ಲರ ಅನುಭವ. 1891ರಲ್ಲಿ ತೆರೆದ ಕಲಾ ಇತಿಹಾಸ ಸಂಗ್ರಹಾಲಯದ ದೊಡ್ಡ ಕೋಣೆಗಳಲ್ಲಿ ಮೆತ್ತನೆಯ ಆಸನಗಳಿವೆ. ಥಾಮಸ್ ಬೆರ್ನ್‌ಹಾರ್ಡ್ ಅವರ 1985ರ ಕಾದಂಬರಿಯೊಂದರಲ್ಲಿ ಮುದಿ ಸಂಗೀತ ವಿಮರ್ಶಕನೊಬ್ಬ ಮೂವತ್ತಕ್ಕೂ ಹೆಚ್ಚು ವರ್ಷ ದಿನ ಬಿಟ್ಟು ದಿನ ಇದೇ ಸಂಗ್ರಹಾಲಯಕ್ಕೆ ಬಂದು, ಒಂದೇ ಬೆಂಚಿನಲ್ಲಿ ಕೂತು, ಟಿಂಟೊರೆಟ್ಟೊನ ಒಂದೇ ಚಿತ್ರವನ್ನು ನೋಡುತ್ತಾನೆ. ಅಷ್ಟು ಅತಿ ಬೇಡ. ಬ್ರೂಗೆಲ್‌ನ ಕೋಣೆಯೊಂದನ್ನೇ ಆರಿಸಿಕೊಂಡರೆ ಸಾಕು. ಅವನ ಹನ್ನೆರಡು ವರ್ಣಚಿತ್ರಗಳು ಇಲ್ಲಿವೆ, ಜಗತ್ತಿನಲ್ಲಿ ಮತ್ತೆಲ್ಲೂ ಇಷ್ಟಿಲ್ಲ. 1565ರ 'ಹಿಮದಲ್ಲಿ ಬೇಟೆಗಾರರು' ಚಿತ್ರದ ಮುಂದೆ ನಾವು ಮುಕ್ಕಾಲು ಗಂಟೆ ಕೂತೆವು. ಮರಳುತ್ತಿರುವ ದಣಿದ ಬೇಟೆಗಾರರು, ದೂರದಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ಆಡುವ ಜನ. ಇಪ್ಪತ್ತು ನಿಮಿಷದ ನಂತರ ಪತ್ನಿ, "ಅಲ್ಲಿ ಸೇತುವೆ ಮೇಲೆ ಒಬ್ಬಳು ಸೌದೆ ಹೊತ್ಕೊಂಡು ಹೋಗ್ತಿದಾಳೆ ನೋಡಿ" ಎಂದರು. ನಡೆಯುತ್ತಾ ನೋಡಿದವರಿಗೆ ಆಕೆ ಕಾಣುವುದಿಲ್ಲ.

ಇಷ್ಟೆಲ್ಲ ಕೂತು, ಕೂರುವುದರ ಬಗ್ಗೆ ಯೋಚಿಸದಿರಲು ಸಾಧ್ಯವೇ? ಈ ಊರಿನಲ್ಲಿ ಕೂರುವ ಹಕ್ಕು ಎಲ್ಲರಿಗೂ ಎಲ್ಲ ಕಾಲಕ್ಕೂ ಇರಲಿಲ್ಲ. ಅರಸರ ಬೇಟೆಯ ಕಾಡಾಗಿದ್ದ ಪ್ರಾಟರ್ ಜನರಿಗೆ ತೆರೆದದ್ದು 1766ರಲ್ಲಿ. ಔಗಾರ್ಟನ್ ಉದ್ಯಾನವನ್ನು ಎರಡನೆಯ ಜೋಸೆಫ್ 1775ರಲ್ಲಿ ತೆರೆದು, ಇದು ಎಲ್ಲ ಮನುಷ್ಯರ ಸಂತೋಷಕ್ಕಾಗಿ ಮೀಸಲಾದ ಸ್ಥಳ ಎಂಬರ್ಥದ ಒಕ್ಕಣೆಯನ್ನು ಹೆಬ್ಬಾಗಿಲ ಮೇಲೆ ಕೆತ್ತಿಸಿದ. ಅದು ಈಗಲೂ ಅಲ್ಲಿದೆ. ಆಮೇಲೆ ಬಹಳ ಕಾಲ ಉದ್ಯಾನಗಳ ಕುರ್ಚಿಗಳಿಗೆ ಬಾಡಿಗೆ ವಸೂಲಿ ಮಾಡುವ ಹೆಂಗಸರಿದ್ದರು, ಕಾಸಿಲ್ಲದವನಿಗೆ ಕುರ್ಚಿಯಿಲ್ಲ. 1938ರ ಮಾರ್ಚಿನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ವಶಪಡಿಸಿಕೊಂಡು, ಹೋಫ್‌ಬುರ್ಗ್ ಅರಮನೆಯ ಮೊಗಸಾಲೆಯಿಂದ ಭಾಷಣ ಮಾಡಿದ. ಕೆಳಗಿನ ಹೆಲ್ಡೆನ್‌ಪ್ಲಾಟ್ಸ್ ಮೈದಾನ ಜೈಕಾರದಿಂದ ತುಂಬಿತ್ತು. ಅದೇ ವರ್ಷ ಯಹೂದಿಗಳು ಉದ್ಯಾನಗಳ ಬೆಂಚಿನಲ್ಲಿ ಕೂರಬಾರದೆಂದು ನಿಷೇಧ ಬಂದಿತು. ಪತ್ನಿ ಗುಲಾಬಿ ನೋಡುತ್ತಾ ಕೂತಿದ್ದ ತೋಟ ಆ ಮೈದಾನದ ಪಕ್ಕದಲ್ಲೇ ಇದೆ. ಅಂದು ಬೆಂಚಿನಿಂದ ಎಬ್ಬಿಸಲ್ಪಟ್ಟವರಲ್ಲಿ ಅನೇಕರು ಮುಂದಿನ ಕೆಲವೇ ವರ್ಷಗಳಲ್ಲಿ ಬದುಕಿನಿಂದಲೇ ಎಬ್ಬಿಸಲ್ಪಟ್ಟರು. ಹತ್ಯೆಯಾದ ಆಸ್ಟ್ರಿಯಾದ ಯಹೂದಿಗಳ ಸಂಖ್ಯೆ ಸುಮಾರು 65,000.

ಯೂಡೆನ್‌ಪ್ಲಾಟ್ಸ್ ಎಂಬ ಸಣ್ಣ ಚೌಕದಲ್ಲಿ ಅವರ ನೆನಪಿಗೆ 2000ದಲ್ಲಿ ಅನಾವರಣಗೊಂಡ ಸ್ಮಾರಕವಿದೆ, ಬ್ರಿಟಿಷ್ ಶಿಲ್ಪಿ ರೇಚಲ್ ವೈಟ್‌ರೀಡ್ ರಚಿಸಿದ್ದು. ಕಾಂಕ್ರೀಟಿನ ಒಂದು ಗ್ರಂಥಾಲಯ. ಪುಸ್ತಕಗಳ ಬೆನ್ನು ಒಳಕ್ಕೆ ತಿರುಗಿದೆ, ಬಾಗಿಲುಗಳಿಗೆ ಹಿಡಿಯಿಲ್ಲ. ಒಪೆರಾದ ಹಿಂದೆ, ಆಲ್ಬೆರ್ಟಿನಾ ಕಲಾಶಾಲೆಯ ಮುಂದೆ, ಆಲ್ಫ್ರೆಡ್ ಹೃಡ್ಲಿಚ್ಕಾ ನಿರ್ಮಿಸಿದ ಇನ್ನೊಂದು ಸ್ಮಾರಕವಿದೆ. ಅಲ್ಲಿ ಬೀದಿಯನ್ನು ಬ್ರಷ್ಷಿನಿಂದ ಉಜ್ಜುವಂತೆ ಬಲವಂತಕ್ಕೊಳಗಾದ ಯಹೂದಿ ಮುದುಕನೊಬ್ಬನ ಕಂಚಿನ ವಿಗ್ರಹ ನೆಲಕ್ಕೆ ಬಾಗಿದೆ. ಪ್ರವಾಸಿಗರು ದಣಿವಾರಿಸಿಕೊಳ್ಳಲು ಅದರ ಬೆನ್ನಿನ ಮೇಲೆಯೇ ಕೂರತೊಡಗಿದ್ದರಿಂದ, ವಿಗ್ರಹದ ಮೇಲೆ ಮುಳ್ಳುತಂತಿ ಸೇರಿಸಬೇಕಾಯಿತು. ಕೂತು ನೋಡಿ ಎಂದು ಸಲಹೆ ಕೊಡುವ ನನ್ನಂಥವನು ಇದನ್ನೂ ಹೇಳಬೇಕು. ಬೆರ್ಗ್‌ಗಾಸೆ 19ರಲ್ಲಿ ಸಿಗ್ಮಂಡ್ ಫ್ರಾಯ್ಡ್ ಅವರ ಮನೆಯಿದೆ. ರೋಗಿಗಳು ಮಲಗಿ ಮನಸ್ಸು ಬಿಚ್ಚುತ್ತಿದ್ದ ಆ ಪ್ರಖ್ಯಾತ ಮಂಚ ಅಲ್ಲಿಲ್ಲ. 1938ರ ಜೂನಿನಲ್ಲಿ ಊರು ಬಿಟ್ಟ ವೃದ್ಧನೊಡನೆ ಅದು ಲಂಡನ್ ಸೇರಿತು. ಅವರ ನಾಲ್ವರು ಸೋದರಿಯರು ವಿಯೆನ್ನಾದಲ್ಲೇ ಉಳಿದರು. ನಾಲ್ವರನ್ನೂ ನಾಜಿಗಳು ಕೊಂದರು.

ನಮ್ಮೂರ ಜಗಲಿಗಳ ಮೇಲೆ ಯಾರು ಕೂರಬಹುದು, ಯಾರು ಅಂಗಳದಲ್ಲಿ ನಿಲ್ಲಬೇಕು ಎಂಬುದು ಗೊತ್ತಿರುವ ನಾವು ಇದನ್ನು ಪರದೇಶದ ಕಥೆಯೆಂದು ಓದಲಾಗುವುದಿಲ್ಲ. ನನ್ನ ಮಟ್ಟಿಗೆ ಇನ್ನೂ ಒಂದು ಕಾರಣವಿದೆ. ತೊಂಬತ್ತರ ದಶಕದ ಆರಂಭದಲ್ಲಿ ಉಪವಿಭಾಗಾಧಿಕಾರಿಯಾಗಿದ್ದಾಗ ಪಟ್ಟಣವೊಂದರ ಪುರಸಭೆಯ ಆಡಳಿತಾಧಿಕಾರಿಯ ಹೆಚ್ಚುವರಿ ಹೊಣೆ ನನ್ನ ಮೇಲಿತ್ತು. ಬಸ್ ನಿಲ್ದಾಣದ ಎದುರು ಎರಡು ಅರಳಿಮರ, ಸುತ್ತ ಕಲ್ಲುಕಟ್ಟೆ. ಸಂಜೆ ಮುದುಕರು, ಕೂಲಿ ಮುಗಿಸಿದವರು, ಬಸ್ಸಿಗೆ ಕಾಯುವ ಹಳ್ಳಿಯ ಹೆಂಗಸರು ಅಲ್ಲಿ ಕೂರುತ್ತಿದ್ದರು. ಸೋಮಾರಿಗಳ ತಾಣವೆಂದು ಕೆಲವು ಅಂಗಡಿಕಾರರು ಅರ್ಜಿ ಕೊಟ್ಟರು. 'ಸಂಚಾರಕ್ಕೆ ಅಡಚಣೆ' ಎಂದು ಕಡತದಲ್ಲಿ ಬರೆದು ತೆರವಿಗೆ ಸಹಿ ಹಾಕಿದೆ. ಒಂದು ಬೆಳಗ್ಗೆಯಲ್ಲಿ ಕೆಲಸ ಮುಗಿಯಿತು. ಮರಗಳನ್ನು ಉಳಿಸಿದೆನೆಂದು ಆಗ ಹೆಮ್ಮೆಪಟ್ಟಿದ್ದೆ. ಮಾರನೆಯ ದಿನ ಜೀಪಿನಲ್ಲಿ ಹೋಗುವಾಗ ಏಳೆಂಟು ಮಂದಿ ಮುದುಕರು ಅದೇ ಜಾಗದಲ್ಲಿ ನಿಂತಿದ್ದರು. ಏನೂ ಮಾಡುತ್ತಿರಲಿಲ್ಲ, ಸುಮ್ಮನೆ ನಿಂತಿದ್ದರು. ಔಗಾರ್ಟನ್ನಿನ ಬಾಗಿಲ ಬರಹವನ್ನು ಮಗಳು ಓದಿ ಅರ್ಥ ಹೇಳಿದಾಗ ನನಗೆ ಕಂಡದ್ದು ಅವರು. ಪತ್ನಿಗೆ ಅಂದು ಸಂಜೆ ಇದನ್ನು ಹೇಳಿದೆ. "ಆಗಲೇ ಹೇಳಿದ್ದೆ ನಾನು, ನೀವು ಕೇಳಲಿಲ್ಲ" ಎಂದರು. ಹೇಳಿದ್ದರೇನೋ, ನನಗೆ ನೆನಪಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ವಿಯೆನ್ನಾ ತೀರ್ಥಕ್ಷೇತ್ರವೇ ಸರಿ. ವಿಶ್ವವಿದ್ಯಾಲಯದ ಕಮಾನು ಪ್ರಾಂಗಣದಲ್ಲಿ ಕಾರ್ಲ್ ಮೆಂಗರ್, ಬೋಮ್-ಬಾವೆರ್ಕ್ ಮುಂತಾದವರ ಪ್ರತಿಮೆಗಳಿವೆ. ಪ್ರವೇಶಕ್ಕೆ ಶುಲ್ಕವಿಲ್ಲ, ವಿದ್ಯಾರ್ಥಿಗಳ ನಡುವೆ ಆರಾಮಾಗಿ ಕೂತಿರಬಹುದು. ನಾವು ಪರೀಕ್ಷೆಗೆ ಓದಿದ ಶುಂಪೀಟರ್ 1919ರಲ್ಲಿ ಏಳು ತಿಂಗಳ ಕಾಲ ಈ ದೇಶದ ಹಣಕಾಸು ಸಚಿವರಾಗಿದ್ದರು, ಯಶಸ್ವಿಯಾಗಲಿಲ್ಲ. ಮಾರುಕಟ್ಟೆಯ ಪರಮ ಸಮರ್ಥಕರಾದ ಮೀಸಸ್ ಮತ್ತು ಹಯೆಕ್ ಇಲ್ಲಿ ಪಾಠ ಮಾಡುತ್ತಿದ್ದ ಕಾಲದಲ್ಲೇ ನಗರಸಭೆ ಅದಕ್ಕೆ ತದ್ವಿರುದ್ಧವಾದ ಪ್ರಯೋಗವೊಂದನ್ನು ನಡೆಸಿತ್ತು. 1919ರಲ್ಲಿ ಅಧಿಕಾರಕ್ಕೆ ಬಂದ ಸಮಾಜವಾದಿಗಳು 1923ರಲ್ಲಿ ವಿಶೇಷ ವಸತಿ ತೆರಿಗೆ ಹಾಕಿದರು. ದೊಡ್ಡ ಮನೆಗೆ ಭಾರಿ ತೆರಿಗೆ, ಸಣ್ಣ ಮನೆಗೆ ಅತ್ಯಲ್ಪ. ಮನೆಯಾಳುಗಳಿಗೂ ಶಾಂಪೇನಿಗೂ ಬೇರೆ ತೆರಿಗೆ. ಆ ಹಣದಿಂದ 1934ರೊಳಗೆ ಅರವತ್ತು ಸಾವಿರಕ್ಕೂ ಹೆಚ್ಚು ಮನೆಗಳನ್ನು ಕಟ್ಟಿದರು.

ಅವುಗಳಲ್ಲಿ ಅತಿ ಪ್ರಸಿದ್ಧವಾದ ಕಾರ್ಲ್ ಮಾರ್ಕ್ಸ್ ಹೋಫ್ ಯು4 ಮೆಟ್ರೋದ ಕೊನೆಯ ನಿಲ್ದಾಣವಾದ ಹೈಲಿಗೆನ್‌ಶ್ಟಾಟ್‌ನ ಎದುರಿಗೇ ಇದೆ. ಒಂದು ಕಿಲೋಮೀಟರಿಗೂ ಉದ್ದದ ಒಂದೇ ಕಟ್ಟಡ, 1930ರಲ್ಲಿ ತೆರೆದದ್ದು, 1,382 ಮನೆಗಳು. ನಿವೇಶನದ ಐದನೇ ಒಂದು ಭಾಗಕ್ಕಿಂತ ಕಡಿಮೆ ಜಾಗದಲ್ಲಿ ಮಾತ್ರ ಕಟ್ಟಿ ಉಳಿದದ್ದನ್ನು ಅಂಗಳಕ್ಕೂ ಮರಗಳಿಗೂ ಬಿಟ್ಟಿದ್ದಾರೆ. 1934ರ ಫೆಬ್ರವರಿಯ ಅಂತರ್ಯುದ್ಧದಲ್ಲಿ ಸರ್ಕಾರ ಇದರ ಮೇಲೆ ಫಿರಂಗಿ ಹಾರಿಸಿತು. ಇಂದಿಗೂ ಇವು ನಗರಸಭೆಯ ಬಾಡಿಗೆ ಮನೆಗಳೇ. ವಿಯೆನ್ನಾದ ಹೆಚ್ಚುಕಡಿಮೆ ಅರ್ಧದಷ್ಟು ಜನ ನಗರಸಭೆಯ ಅಥವಾ ಸರ್ಕಾರದ ನೆರವಿನ ಮನೆಗಳಲ್ಲಿ ವಾಸಿಸುತ್ತಾರೆ. ಬಾಡಿಗೆ ನಿಯಂತ್ರಣದ ವಿರುದ್ಧ ಹಯೆಕ್ ಬರೆದದ್ದನ್ನು ಓದಿ ತಲೆದೂಗಿದವನು ನಾನು. ಆ ವಾದದಲ್ಲಿ ಹುರುಳಿಲ್ಲವೆಂದು ಈಗಲೂ ಹೇಳುವುದಿಲ್ಲ. ಆದರೆ ಆ ಅಂಗಳದಲ್ಲಿ ಒಂದು ಗಂಟೆ ಕೂತವನಿಗೆ ಅದು ಪೂರ್ತಿ ಸತ್ಯವೆನಿಸುವುದೂ ಇಲ್ಲ. ಅಂಗಳ ಜನರ ಮನೆಬಾಗಿಲು, ಪ್ರದರ್ಶನದ ವಸ್ತುವಲ್ಲ. ಕಿಟಕಿಗಳತ್ತ ಕ್ಯಾಮೆರಾ ತಿರುಗಿಸಬೇಡಿ.

ಉಳಿದವನ್ನು ಬೇಗ ಹೇಳುತ್ತೇನೆ. ಡ್ಯಾನ್ಯೂಬ್ ನದಿಯ ನಡುವೆ 21 ಕಿಲೋಮೀಟರ್ ಉದ್ದದ ದ್ವೀಪವಿದೆ. ಅದು ಪ್ರಕೃತಿದತ್ತವಲ್ಲ, ಪ್ರವಾಹ ತಡೆಯಲು 1972ರಿಂದ 1988ರವರೆಗೆ ಎರಡನೆಯ ಕಾಲುವೆ ತೋಡಿದ ಮಣ್ಣಿನಿಂದ ಆದದ್ದು. ಈಗ ಇಡೀ ಊರಿನ ಈಜುತಾಣ, ಪ್ರವೇಶ ಉಚಿತ, ಯು1 ಮೆಟ್ರೋ ದ್ವೀಪದ ಮೇಲೆಯೇ ಇಳಿಸುತ್ತದೆ. ಊರಂಚಿನ ದ್ರಾಕ್ಷಿತೋಟಗಳಲ್ಲಿ 'ಹೊಯ್ರಿಗೆ' ಎಂಬ ಮದ್ಯದಂಗಳಗಳಿವೆ. ಬೆಳೆಗಾರರು ತಮ್ಮ ತೋಟದ ದ್ರಾಕ್ಷಾರಸವನ್ನು ತಾವೇ ಮಾರಲು 1784ರಲ್ಲಿ ಅನುಮತಿ ದೊರೆಯಿತು. ಮದ್ಯ ಮುಟ್ಟದವರು ದ್ರಾಕ್ಷಿಹಣ್ಣಿನ ರಸ ಕೇಳಬಹುದು, ಜೊತೆಗೆ ಬ್ರೆಡ್ಡು ಮತ್ತು ಖಾರ ಹಾಕಿದ ಚೀಸಿನ ಲೇಪ. ಡಿ ಟ್ರಾಮು ನುಸ್‌ಡೋರ್ಫ್‌ವರೆಗೆ ಒಯ್ಯುತ್ತದೆ. ಶೋನ್‌ಬ್ರುನ್‌ನಲ್ಲಿ ಅರಮನೆಯ ಒಳಕ್ಕೆ ಟಿಕೆಟು, ಉದ್ಯಾನಕ್ಕಿಲ್ಲ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ನಾಶ್‌ಮಾರ್ಕ್ಟ್ ಕೂಡ. ಹಾಲು, ಮೊಸರು, ಔಷಧಿ ಶನಿವಾರವೇ ಕೊಂಡಿಡಿ. ಚರ್ಚಿನ ಸುತ್ತಮುತ್ತ ಮೊಜಾರ್ಟನ ವೇಷ, ಬಿಳಿಯ ಟೋಪಿಗೂದಲು ಧರಿಸಿ ಸಂಗೀತ ಕಛೇರಿಯ ಟಿಕೆಟು ಮಾರುವ ಯುವಕರು ಸಿಗುತ್ತಾರೆ. ಒಬ್ಬನ ವಿನಯಕ್ಕೆ ಮರುಳಾಗಿ ನಾನು 'ಮುಂದಿನ ಸಾಲು' ಎಂದು ಕೊಂಡ ಆಸನಗಳು ಕಂಬದ ಹಿಂದಿದ್ದವು. ಇದೊಂದು ಕೂರುವಿಕೆಯನ್ನು ಮಾತ್ರ ನಾನು ಯಾರಿಗೂ ಶಿಫಾರಸು ಮಾಡಲಾರೆ.

71ನೇ ಟ್ರಾಮು ಸ್ಮಶಾನಕ್ಕೆ ಹೋಗುತ್ತದೆ. 'ಅವನು 71 ಹತ್ತಿದ' ಎಂದರೆ ವಿಯೆನ್ನಾದವರ ಮಾತಿನಲ್ಲಿ ಅವನು ತೀರಿಕೊಂಡ ಎಂದು ಅರ್ಥ. 1874ರಲ್ಲಿ ಆರಂಭವಾದ ಆ ಕೇಂದ್ರ ಸ್ಮಶಾನದಲ್ಲಿ ಮಣ್ಣಾದವರ ಸಂಖ್ಯೆ ಊರಿನಲ್ಲಿ ಬದುಕಿರುವವರಿಗಿಂತ ಹೆಚ್ಚು. ಎರಡನೆಯ ಬಾಗಿಲಲ್ಲಿ ಇಳಿದರೆ ಸ್ವಲ್ಪ ದೂರದಲ್ಲಿ ಬೀಥೋವನ್, ಶೂಬರ್ಟ್, ಬ್ರಾಹ್ಮ್ಸ್ ಅಕ್ಕಪಕ್ಕದಲ್ಲಿದ್ದಾರೆ. ಮೊಜಾರ್ಟನಿಗೆ ಅಲ್ಲಿರುವುದು ಸ್ಮಾರಕ ಮಾತ್ರ. 1791ರಲ್ಲಿ ಅವನನ್ನು ಗುರುತಿಲ್ಲದ ಗುಂಡಿಯಲ್ಲಿ ಹೂತದ್ದು ಸಂತ ಮಾರ್ಕ್ಸ್ ಸ್ಮಶಾನದಲ್ಲಿ. ಅಲ್ಲಿಯೂ ಬೆಂಚುಗಳಿವೆ, ಒಳ್ಳೆಯ ನೆರಳಿದೆ. ನಮ್ಮವರು ಸ್ಮಶಾನವೆಂದು ಹಿಂಜರಿಯುತ್ತಾರೆ. ಪತ್ನಿಯೂ ಮೊದಲು ಒಲ್ಲೆನೆಂದರು. ಆಮೇಲೆ ಒಂದು ಮಧ್ಯಾಹ್ನವೆಲ್ಲ ಕೂತು, ಮನೆಗೆ ಬಂದು ಸ್ನಾನ ಮಾಡಿದರು.

ಕೊನೆಗೆ ಒಪೆರಾ. 1869ರಲ್ಲಿ ತೆರೆದ, 1945ರ ಬಾಂಬ್ ದಾಳಿಯಲ್ಲಿ ಸುಟ್ಟು 1955ರಲ್ಲಿ ಮತ್ತೆ ಬಾಗಿಲು ತೆರೆದ ಈ ಭವನದಲ್ಲಿ ಒಳ್ಳೆಯ ಆಸನಕ್ಕೆ ನೂರಾರು ಯೂರೋ. ನಿಲ್ಲುವವರಿಗೆ ಅಗ್ಗದ ಟಿಕೆಟುಗಳಿವೆ; ಜಾಗ ಹಿಡಿದು ಕಟಕಟೆಗೆ ಒಂದು ಶಾಲು ಕಟ್ಟಿಬಂದರೆ ಯಾರೂ ಅದನ್ನು ಆಕ್ರಮಿಸುವುದಿಲ್ಲ. ಕಾಲು ಗಟ್ಟಿಯಿರುವವರು ಅದನ್ನು ಪ್ರಯತ್ನಿಸಬಹುದು. ನಾವು ಮಾಡಿದ್ದು ಬೇರೆ. ವಸಂತದ ತಿಂಗಳುಗಳಲ್ಲಿ ಮತ್ತು ಸೆಪ್ಟೆಂಬರಿನಲ್ಲಿ ಒಳಗೆ ನಡೆಯುವ ಹಲವು ಪ್ರದರ್ಶನಗಳನ್ನು ಭವನದ ಪಕ್ಕದ ಚೌಕದಲ್ಲಿ ದೊಡ್ಡ ಪರದೆಯ ಮೇಲೆ ಅದೇ ಹೊತ್ತಿಗೆ ತೋರಿಸುತ್ತಾರೆ. ಕುರ್ಚಿ ಹಾಕಿರುತ್ತಾರೆ, ಟಿಕೆಟಿಲ್ಲ. ಹೊರಡುವ ಹಿಂದಿನ ರಾತ್ರಿ ಅಲ್ಲಿ ಮೊಜಾರ್ಟನ 'ಫಿಗಾರೊನ ಮದುವೆ' ನೋಡಿದೆವು. ನಮ್ಮ ಎಡಕ್ಕೆ ಕೋಟು ಧರಿಸಿದ ವೃದ್ಧರೊಬ್ಬರು, ಬಲಕ್ಕೆ ಕಟ್ಟಡ ಕೆಲಸದ ಉಡುಪಿನಲ್ಲೇ ಬಂದಿದ್ದ ಇಬ್ಬರು ಹುಡುಗರು, ಹಿಂದೆ ತಳ್ಳುಗಾಡಿಯಲ್ಲಿ ನಿದ್ರಿಸುವ ಮಗು. ನನಗೆ ಒಂದು ಪದವೂ ಅರ್ಥವಾಗಲಿಲ್ಲ. ಪತ್ನಿಗೆ ಕಥೆ ಪೂರ್ತಿ ತಿಳಿದಿತ್ತು. ಹೇಗೆಂದು ಕೇಳಿದರೆ, ಮನೆಯಾಳಿನ ಮೇಲೆ ಯಜಮಾನ ಕಣ್ಣುಹಾಕುವ ಕಥೆಗೆ ಭಾಷೆ ಯಾಕೆ ಬೇಕು ಎಂದರು.

ಹೋಗುವವರು ಪ್ರಸಾರದ ದಿನಗಳನ್ನು ಮೊದಲೇ ವಿಚಾರಿಸಿಕೊಳ್ಳಿ. ಕುರ್ಚಿಗಳು ಮೊದಲು ಬಂದವರಿಗೆ. ಒಂದು ಗಂಟೆ ಮುಂಚೆ ತಲುಪಿದರೆ ನಡುಸಾಲು ಸಿಗುತ್ತದೆ. ಮೇ ತಿಂಗಳಾದರೂ ರಾತ್ರಿ ಚಳಿ ಇರುತ್ತದೆ, ಶಾಲು ಮರೆಯಬೇಡಿ.